ಸದ್ಯಕ್ಕೆ

ಕಿಸುಮುವಿನಲ್ಲಿ ನನ್ನನ್ನು
ಮದುವೆಗೆ ಕರೆಯುವವರಿಗಿಂತ ಮಣ್ಣಿಗೆ ಕರೆಯುವವರೇ ಹೆಚ್ಚು.
ಶವ ಊರು ಮುಟ್ಟುವ ಮೊದಲೇ ಫೋನು ಬರುತ್ತದೆ:
ಅವೂರ್, ಶನಿವಾರ ಬಿಡುವಿದೆಯಾ,
ಲಂಡನ್ನಿನಲ್ಲಿರುವ ತಂಗಿಗೆ ಎಲ್ಲ ಕಾಣಬೇಕು,
ಯಾರು ಬಂದರು, ಯಾರು ಬರಲಿಲ್ಲ,
ಎಷ್ಟು ಎತ್ತು ಕಡಿದರು.

ಮಾರ್ಚಿನಲ್ಲಿ ನನ್ನ ಕ್ಯಾಮೆರಾ ತೀರಿಕೊಂಡಿತು.
ಹಾಗೇ ಅನ್ನುತ್ತೇನೆ, ಬೇರೆ ಮಾತು ಹೊಳೆಯಲಿಲ್ಲ.
ಪಾದ್ರಿಯ ಪ್ರಾರ್ಥನೆಯ ನಡುವೆ
ಪರದೆ ಒಮ್ಮೆ ನೀಲಿಯಾಯಿತು, ಆಮೇಲೆ ಏನೂ ಆಗಲಿಲ್ಲ.

ಬೇಕಾದ್ದು ಯಾವುದೆಂದು ಗೊತ್ತಿದೆ. ಅದರ ಚಿತ್ರ ಕತ್ತರಿಸಿ
ಸಕ್ಕರೆ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದ್ದೇನೆ.
ನಾಲ್ಕು ಲಕ್ಷ ಶಿಲಿಂಗು.
ಸೀಮೆಎಣ್ಣೆ ದೀಪದಲ್ಲೂ ಕಣ್ಣೀರು ಎಣಿಸಬಲ್ಲ ಕಣ್ಣು.
ಡಬ್ಬಿಯ ಒಳಗೆ ಅರವತ್ತೆರಡು ಸಾವಿರ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ,
ನನ್ನ ಸ್ಟ್ಯಾಂಡಿಗೋ ಮೂರು ಕಾಲು.

ಬಸ್ ನಿಲ್ದಾಣದ ಹಿಂದೆ, ಹುರಿದ ಮೀನಿನ ಹೊಗೆಯಲ್ಲಿ
ಓಕೆಲೊನ ಅಂಗಡಿ. ಎರಡನ್ನು ತೆಗೆದು ಮುಂದಿಟ್ಟ.

ಒಂದು ಅಂಗೈ ಅಗಲದ್ದು, ಹೊಸದೇ ಅನ್ನಬೇಕು,
ಬಣ್ಣ ಜೇನಿನ ಹಾಗೆ.
ಮೈಕು ಸಿಕ್ಕಿಸೋಣವೆಂದರೆ ತೂತೇ ಇಲ್ಲ.
ಅಳು ಕೇಳಬೇಕಲ್ಲವೋ, ಓಕೆಲೊ?
ಬಾಯಿ ತೆರೆದು ಮುಚ್ಚುವ ವಿಧವೆಯನ್ನು
ಮೀನಿನ ಹಾಗೆ ತೋರಿಸಲಾ?

ಇನ್ನೊಂದು ಹೆಗಲ ಮೇಲೆ ಹೊರುವಂಥದು,
ಹದಿನಾಲ್ಕು ವರ್ಷದ ಮುದುಕ,
ಯಾವುದೋ ಟಿವಿ ಸ್ಟೇಷನ್ನಿನ ಹೆಸರು ಕಿತ್ತ ಗಾಯ ಪಕ್ಕೆಯಲ್ಲಿ.
ಮೈಕಿಗೆ ಎರಡು ತೂತು, ಬಿಸಿಲಿಗೆ ಒಳಗೇ ಕಪ್ಪು ಗಾಜು,
ಮಾವಿನ ನೆರಳಲ್ಲಿ ಕೂತೇ ಗುಂಡಿಯ ಅಂಚು ಮುಟ್ಟುವ ಝೂಮು.
ಇರುಳಾದರೆ ಮಾತ್ರ ಚಿತ್ರದ ತುಂಬ ಇರುವೆ ಹರಿದಾಡುತ್ತವೆ.
ಮೇಲೆ ಬಲಮೂಲೆಯಲ್ಲಿ ಕೆಟ್ಟುಹೋದ ಒಂದು ಬಿಳಿ ಚುಕ್ಕಿ,
ಎತ್ತ ತಿರುಗಿಸಿದರೂ ಅಲ್ಲೇ.

ಎರಡು ವರ್ಷಕ್ಕೆ ಮೋಸವಿಲ್ಲ, ಅಂದ ಓಕೆಲೊ.
ನನಗೆ ಒಂದು ವರ್ಷ ಸಾಕು, ಅಂದೆ.
ಬೆಲೆಯ ಮಾತಾಡುತ್ತಿದ್ದೇವೋ ಆಯಸ್ಸಿನ ಮಾತೋ
ಪಕ್ಕದಲ್ಲಿ ನಿಂತವರಿಗೆ ತಿಳಿಯುತ್ತಿರಲಿಲ್ಲ.
ಐವತ್ತೆಂಟಕ್ಕೆ ಮುಗಿಯಿತು. ಬ್ಯಾಟರಿ ಬೇರೆ ಲೆಕ್ಕ.

ಹೊತ್ತು ನಡೆದಾಗ ಅರ್ಥವಾಯಿತು:
ಸಣ್ಣದನ್ನು ಹಿಡಿದವಳಿಗೆ ಜನ ಮೊಣಕೈ ಕೊಡುತ್ತಾರೆ,
ಇದನ್ನು ಹೊತ್ತವಳಿಗೆ ದಾರಿ.
ಊರಿನ ಚೀಫ್ ಕೂಡ ಟೋಪಿ ಸರಿಮಾಡಿಕೊಂಡ.
ಬಲ ಹೆಗಲು ಮಾತ್ರ ರಾತ್ರಿಯೆಲ್ಲ ಶಾಪ ಹಾಕಿತು.

ಜೂನಿನಲ್ಲಿ, ಸರೋವರದ ದಂಡೆಯ ಹಳ್ಳಿಯಲ್ಲಿ,
ದೋಣಿಯ ಬಡಗಿ ಓಪಿಯೊನ ಮಣ್ಣು.
ಅವನ ಅಕ್ಕ ಅಕೇಯೊ, ಎಂಬತ್ತು ದಾಟಿದವಳು,
ಕೋಲೂರಿಕೊಂಡು ನೇರ ಲೆನ್ಸಿನ ಮುಂದೆ ಬಂದು ನಿಂತಳು.
ಕತ್ತಲಾಗಿತ್ತು. ಇರುವೆ ಶುರುವಾಗಿತ್ತು.
ಅಜ್ಜೀ, ಬೆಳಗ್ಗೆ ತೆಗೆಯೋಣ, ಬೆಳಕಿಗೆ, ಅಂದೆ.
ಬರುವ ವರ್ಷ ತೆಗೆಯೋಣ, ಹೊಸದರಲ್ಲಿ,
ಅನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು.
ಬೆಳಗ್ಗೆ ಬೇರೆ ಮಾತಾಡುತ್ತೇನೆ, ಅಂದಳು.
ಇದು ರಾತ್ರಿಯ ಮಾತು. ಹಿಡಿ.

ಹಿಡಿದೆ. ಇಪ್ಪತ್ತು ನಿಮಿಷ ತಮ್ಮನನ್ನು ಬೈದಳು:
ಕಡ ಒಯ್ದ ಮೊಳೆ, ಹಿಂದಿರುಗದ ಉಳಿ,
ಎಪ್ಪತ್ತು ವರ್ಷದ ಹಿಂದೆ
ಈಜು ಕಲಿಸುತ್ತೇನೆಂದು ಮಾತು ಕೊಟ್ಟು
ತಾನೊಬ್ಬನೇ ನೀರಿಗಿಳಿದದ್ದು.
ಮೈಕಿಗೆ ಅವಳ ಉಸಿರೂ ಸಿಕ್ಕಿತು,
ಕೋಲು ಮಣ್ಣಿಗೆ ಕುಟ್ಟುವುದೂ.

ದೋಹಾದಿಂದ ಓಪಿಯೊನ ಮಗಳ ಫೋನು.
ಚಿತ್ರ ಮಂಕು ಅನ್ನುತ್ತಾಳೆಂದು
ಉತ್ತರ ಕಟ್ಟಿಟ್ಟುಕೊಂಡೇ ಎತ್ತಿದೆ.
ಅವಳು ಕೇಳಿದ್ದು ಒಂದೇ:
ಸೋದರತ್ತೆಯ ತಲೆಯ ಮೇಲೆ, ಅಷ್ಟು ಹೊತ್ತೂ
ಅಲುಗದೆ ಇತ್ತಲ್ಲ, ಅದು ಯಾವ ನಕ್ಷತ್ರ?

ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ.
ಲೈನು ಸರಿಯಿಲ್ಲ ಅಂದೆ.

ಡಬ್ಬಿಯಲ್ಲಿ ಈಗ ಹನ್ನೊಂದು ಸಾವಿರ. ಬ್ಯಾಟರಿ ಉಬ್ಬುತ್ತಿದೆ.
ಶನಿವಾರ ಮತ್ತೊಂದು ಕರೆ, ಎರಡು ಎತ್ತಂತೆ.
ಹಳೆಯ ಸ್ವೆಟರು ಮಡಿಸಿ
ಅಂಗಿಯ ಬಲ ಹೆಗಲಿಗೆ ಹೊಲಿಯುತ್ತಿದ್ದೇನೆ,
ಒಂದೆಳೆಯಲ್ಲಿ, ಸದ್ಯಕ್ಕೆ. ಆಮೇಲೆ ಯಾಕೋ
ಎರಡೆಳೆ ಮಾಡಿದೆ.